ಲಿಫ್ಟಕ್ಕ ಕೂತು ಉಂಡದ್ದು

ಊಟದ ಗಂಟೆ ಹೊಡೆದ ಕೂಡಲೇ ವರ್ಕ್‌ಶಾಪಿನ ಗಂಡಸರೆಲ್ಲ ಗ್ರೀಸು ಮೆತ್ತಿದ ಕೈ ತೊಳೆದು, ಉದ್ದನೆಯ ಹಲಗೆಯ ಸುತ್ತ ಡಬ್ಬಿ ಬಿಚ್ಚಿಕೊಂಡು ಕೂರುತ್ತಿದ್ದರು. ಲಿಫ್ಟಕ್ಕ ಮಾತ್ರ ಕಿಟಕಿಯ ಕಟ್ಟೆಯ ಮೇಲೆ ಡಬ್ಬಿ ಇಟ್ಟು, ಎಲ್ಲರಿಗೂ ಬೆನ್ನು ಹಾಕಿ, ನಿಂತೇ ಉಣ್ಣುತ್ತಿದ್ದಳು. ಒಂದು ತುತ್ತು, ಅದರ ಹಿಂದೆಯೇ ಅರ್ಧ ಲೋಟ ನೀರು, ಆಮೇಲೆ ಎರಡೂ ಕೈ ಮೇಲಕ್ಕೆತ್ತಿ ಒಂದು ಕುಪ್ಪಳಿಕೆ. ಎದೆಯ ನಡುವೆ ನಿಂತ ತುತ್ತು ಕೆಳಗಿಳಿಯಬೇಕಾದರೆ ಇಷ್ಟೆಲ್ಲ ಆಗಬೇಕಿತ್ತು.

“ಏನಕ್ಕಾ, ಊಟಕ್ಕೂ ಡ್ರಿಲ್ಲಾ?” ಎಂದು ವೆಲ್ಡರ್ ದಿನಾ ಕೇಳುತ್ತಿದ್ದ.

“ಕೂತು ತಿಂದು ನೀನು ಬೆಳೆಸಿರೋ ಹೊಟ್ಟೆ ನೋಡ್ಕೋ. ಶಾಫ್ಟಿನ ಬಾಗಿಲಲ್ಲೇ ಸಿಕ್ಕಿಹಾಕ್ಕೋತೀಯ,” ಎಂದು ಅವಳು ತಿರುಗಿಯೂ ನೋಡದೆ ಹೇಳುತ್ತಿದ್ದಳು.

ಲಿಫ್ಟು ಮೇಲೆ ಕೆಳಗೆ ಓಡಾಡುವ ಕತ್ತಲೆಯ ಗೂಡಿಗೆ ಅವರು ಶಾಫ್ಟ್ ಎನ್ನುತ್ತಿದ್ದರು. ಅದರೊಳಗೆ ಇಳಿದು ಕೆಲಸ ಮಾಡುವ ಹೆಂಗಸು ಅವಳೊಬ್ಬಳೇ. ಹಾಗಾಗಿ ಅವಳಿಗೆ ಲಿಫ್ಟಕ್ಕ ಎಂದೇ ಹೆಸರು ಬಿದ್ದಿತ್ತು. ಅವಳಿಗಿಂತ ಹಿರಿಯರೂ ಅಕ್ಕಾ ಎಂದೇ ಕರೆಯುತ್ತಿದ್ದರು.

ಕೆಲಸ ಬಂದದ್ದು ಅಪ್ಪನಿಂದ. ಅಪ್ಪ ಅದೇ ವರ್ಕ್‌ಶಾಪಿನಲ್ಲಿ ಮೆಕ್ಯಾನಿಕ್ ಆಗಿದ್ದ. ಅಮ್ಮ ಬೇಗ ತೀರಿಕೊಂಡಿದ್ದರಿಂದ ಮಕ್ಕಳಿಬ್ಬರೂ ಶಾಲೆ ಮುಗಿಸಿ ನೇರ ಅಪ್ಪನಿದ್ದಲ್ಲಿಗೇ ಹೋಗುತ್ತಿದ್ದರು. ತಮ್ಮನಿಗೆ ಕತ್ತಲೆ ಎಂದರೆ ಭಯ. ಅವನು ಮೆಟ್ಟಿಲ ಮೇಲೆ ಕೂತು ಪಾಠ ಓದುತ್ತಿದ್ದ. ಅಕ್ಕ ಟಾರ್ಚ್ ಹಿಡಿದು ಅಪ್ಪನ ಪಕ್ಕದಲ್ಲಿ ನಿಲ್ಲುತ್ತಿದ್ದಳು. ಟಾರ್ಚ್ ಹಿಡಿದ ಕೈಗೆ ಯಾವಾಗ ಸ್ಪ್ಯಾನರ್ ಬಂತು ಎಂದು ಯಾರೂ ಗಮನಿಸಲಿಲ್ಲ. ತಮ್ಮ ಬೆಳೆದು ಬಟ್ಟೆ ಅಂಗಡಿ ಸೇರಿದ. ಅಲ್ಲಿ ಬೆಳಕಿಗೇನೂ ಕೊರತೆಯಿರಲಿಲ್ಲ.

ಅಪ್ಪ ಹೋದ ಮೇಲೆ ವರ್ಕ್‌ಶಾಪಿನ ಯಜಮಾನರು, “ಹೆಂಗಸು ಶಾಫ್ಟಿಗೆ ಇಳಿಯೋದು ಅಂದ್ರೇನಮ್ಮಾ? ಬೇಕಾದ್ರೆ ಗುಡಿಸೋ ಕೆಲಸ ಕೊಡ್ತೀನಿ,” ಎಂದಿದ್ದರು. ಅವಳು ಪೊರಕೆ ತೆಗೆದುಕೊಂಡಳು. ಒಂದು ತಿಂಗಳೂ ಕಳೆದಿರಲಿಲ್ಲ, ಯಜಮಾನರು ತಾವೇ ಕೂರಿಸಿದ್ದ ಹೊಸ ಲಿಫ್ಟಿನಲ್ಲಿ ಎರಡು ಮಹಡಿಗಳ ನಡುವೆ ಸಿಕ್ಕಿಹಾಕಿಕೊಂಡರು. ಮೆಕ್ಯಾನಿಕ್‌ಗಳೆಲ್ಲ ಬೇರೆ ಬೇರೆ ಕಡೆ ಹೋಗಿದ್ದರು. ಲಿಫ್ಟಕ್ಕ ಪೊರಕೆ ಗೋಡೆಗೆ ಒರಗಿಸಿ, ಬಾಗಿಲ ಸಂದಿಗೆ ಬಾಯಿಟ್ಟು ಬಹಳ ಮರ್ಯಾದೆಯಿಂದ ಕೇಳಿದಳು:

“ಸಾಹೇಬ್ರೇ, ಯಾರಾದ್ರೂ ಗಂಡಸರನ್ನ ಹುಡುಕ್ಕೊಂಡು ಬರಲಾ? ಅರ್ಧ ದಿನ ಆಗಬಹುದು.”

“ನೀನೇ ತೆಗಿಯಮ್ಮಾ, ತಾಯೀ!” ಎಂದು ಒಳಗಿನಿಂದ ಕೂಗು ಬಂತು.

ಆಮೇಲೆ ಪೊರಕೆಯ ಮಾತನ್ನು ಯಾರೂ ಎತ್ತಲಿಲ್ಲ.

ಅಪ್ಪ ಕಲಿಸಿದ್ದರಲ್ಲಿ ಒಂದನ್ನು ಅವಳು ಯಾವತ್ತೂ ಮೀರಿದವಳಲ್ಲ. ಶಾಫ್ಟಿಗೆ ಇಳಿಯುವ ಮುಂಚೆ ಆ ಲಿಫ್ಟಿನ ಫ್ಯೂಸು ಕಿತ್ತು ತನ್ನ ಕಿಸೆಯಲ್ಲೇ ಇಟ್ಟುಕೊಳ್ಳಬೇಕು. ಬಿಳಿ ಪಿಂಗಾಣಿಯ, ಸೋಪಿನ ತುಂಡಿನಷ್ಟು ದಪ್ಪದ ಫ್ಯೂಸು. ಇನ್ನೊಬ್ಬರ ಕೈಗೆ ಕೊಡಬಾರದು. ಅಪ್ಪ ಒಂದು ಸಲ ಜೊತೆಗಾರನ ಕೈಗೆ ಕೊಟ್ಟಿದ್ದ. ಆ ಮನುಷ್ಯ, ಕೆಲಸ ಮುಗಿದಿರಬೇಕು ಎಂದುಕೊಂಡು ಫ್ಯೂಸು ಹಾಕಿದ್ದ. ಅಪ್ಪನ ಎಡಗಾಲಿನ ಎರಡು ಬೆರಳು ಹೋದವು. ಅಂದಿನಿಂದ ವರ್ಕ್‌ಶಾಪಿನಲ್ಲಿ ಅದೇ ಕಾನೂನು: ಒಬ್ಬರ ಕಿಸೆಯಲ್ಲಿ ಫ್ಯೂಸು ಇರುವವರೆಗೆ ಆ ಲಿಫ್ಟನ್ನು ಬೇರೆ ಯಾರೂ ಮುಟ್ಟುವಂತಿಲ್ಲ, ಬೇರೆ ಫ್ಯೂಸು ತಂದು ಹಾಕುವಂತಿಲ್ಲ.

ತುತ್ತು ನಿಲ್ಲುವುದಕ್ಕೆ ಶುರುವಾದಾಗ ಅವಳಿಗೆ ನಲವತ್ತು ದಾಟಿತ್ತು. ಮೊದಲು ಒಣಗಿದ ಬ್ರೆಡ್ಡು ನಿಂತಿತು, ಆಮೇಲೆ ಅನ್ನ, ಕೊನೆಗೆ ನೀರೂ ಎದೆಯಲ್ಲೇ ನಿಂತು ಗುಳುಗುಳು ಎನ್ನತೊಡಗಿತು. ಮಲಗಿದರೆ ಮಧ್ಯಾಹ್ನ ತಿಂದದ್ದು ಹಾಗ್ಹಾಗೇ ಬಾಯಿಗೆ ಬರುತ್ತಿತ್ತು, ಕೆಮ್ಮು ಹತ್ತುತ್ತಿತ್ತು. ಒಬ್ಬ ಡಾಕ್ಟರು ಗ್ಯಾಸ್ ಎಂದರು. ಇನ್ನೊಬ್ಬರು ಟೆನ್ಷನ್ ಎಂದರು. ಮೂರನೆಯವರು ಬರೆಯುತ್ತ ಬರೆಯುತ್ತಲೇ, “ಈ ವಯಸ್ಸಲ್ಲಿ ಹೆಂಗಸರಿಗೆ ಹೀಗೆಲ್ಲ ಅನ್ನಿಸುತ್ತೆ,” ಎಂದರು.

“ಅನ್ನಿಸ್ತಿಲ್ಲ ಡಾಕ್ಟ್ರೇ, ನಿಲ್ತಿದೆ. ಬೇಕಾದ್ರೆ ಇಲ್ಲೇ ಒಂದು ತುತ್ತು ತಿಂದು ವಾಪಸ್ ತೋರಿಸ್ತೀನಿ,” ಎಂದಳು. ಅವರು ಬೇಡ ಎಂದರು.

ನೆಂಟರ ಮನೆಯಲ್ಲಿ ಅವಳು ಊಟಕ್ಕೆ ಕೂರುವುದಿಲ್ಲವೆಂದು ಬೇಜಾರು ಮಾಡಿಕೊಂಡವರು ಎಷ್ಟೋ ಜನ. ಜಂಬ ಎಂದರು. ಸಣ್ಣಗಾಗುವ ಹುಚ್ಚು ಎಂದರು. ಸಣ್ಣಗಾದದ್ದಂತೂ ನಿಜ. ಸೊಂಟದ ಬೆಲ್ಟಿಗೆ ಮೊಳೆ ಹೊಡೆದು ಹೊಸ ತೂತು ಮಾಡಿಕೊಳ್ಳುತ್ತಲೇ ಇದ್ದಳು. ಮೆಟ್ಟಿಲು ಹತ್ತುವಾಗ ಕಣ್ಣಿಗೆ ಕತ್ತಲೆ ಬರುತ್ತಿತ್ತು. ಒಂದು ದಿನ ಯಜಮಾನರು ಕರೆದು, “ಸಾಕಮ್ಮಾ, ಇನ್ನು ಆಫೀಸಲ್ಲಿ ಕೂತು ಫೋನ್ ತಗೋ. ಶಾಫ್ಟಲ್ಲಿ ಬಿದ್ದುಗಿದ್ದರೆ ನನ್ನ ತಲೆಗೆ ಬರುತ್ತೆ,” ಎಂದರು.

“ಸಾಹೇಬ್ರೇ, ನಾನು ಶಾಫ್ಟಿಂದ ಹೊರಗೆ ಬರೋದು ನಾನಾಗಿ ಬಂದಾಗ. ಮೊದಲು ಇದೇನು ಅಂತ ಕಂಡುಹಿಡಿಸ್ತೀನಿ. ಅಲ್ಲೀವರೆಗೆ ಫೋನಿನ ಕುರ್ಚೀಲಿ ನಿಮ್ಮ ಅಳಿಯನ್ನೇ ಕೂರಿಸ್ಕೊಳ್ಳಿ, ಹೇಗೂ ಕೂತೇ ಇರ್ತಾನೆ.”

ಕಂಡುಹಿಡಿದದ್ದು ದೊಡ್ಡ ಆಸ್ಪತ್ರೆಯಲ್ಲಿ. ಬಿಳಿಯ, ಸುಣ್ಣದಂಥ ನೀರು ಕುಡಿಸಿ, ನಿಲ್ಲಿಸಿ ಎಕ್ಸ್-ರೇ ತೆಗೆದರು. ಆಮೇಲೆ ಸಣ್ಣ ಕೊಳವೆ ಬಿಟ್ಟು ಒಳಗೆ ನೋಡಿ, ಬೇರೆ ಗಂಟು ಏನೂ ಇಲ್ಲವೆಂದು ಖಚಿತ ಮಾಡಿಕೊಂಡರು. ಶಸ್ತ್ರಚಿಕಿತ್ಸೆಯ ಡಾಕ್ಟರಮ್ಮ ಆ ಎಕ್ಸ್-ರೇಯನ್ನು ಬೆಳಕಿಗೆ ಹಿಡಿದು ತೋರಿಸಿದರು. ಅನ್ನನಾಳ ಮೇಲೆಲ್ಲ ಚೀಲದಂತೆ ಉಬ್ಬಿ, ತುದಿಯಲ್ಲಿ ಹಕ್ಕಿಯ ಕೊಕ್ಕಿನಂತೆ ಚೂಪಾಗಿತ್ತು.

“ಅನ್ನನಾಳ ಹೊಟ್ಟೆಗೆ ಸೇರೋ ಜಾಗದಲ್ಲಿ ಒಂದು ಸ್ನಾಯುವಿನ ಬಳೆ ಇದೆ. ನುಂಗಿದಾಗ ಅದು ಸಡಿಲ ಆಗ್ಬೇಕು, ಆಮೇಲೆ ಮುಚ್ಕೋಬೇಕು. ನಿಮ್ಮದು ಸಡಿಲಾನೇ ಆಗ್ತಿಲ್ಲ. ಅಲ್ಲಿನ ನರಗಳು ಕೆಲಸ ನಿಲ್ಲಿಸಿವೆ.”

“ಡೋರ್ ಲಾಕ್ ಬಿಡ್ತಿಲ್ಲ ಅನ್ನಿ.”

“ಹಾಗೇ ಅಂದ್ಕೊಳ್ಳಿ.”

“ಎಣ್ಣೆ ಬಿಟ್ಟರೆ ಆಗಲ್ವಾ?”

ಡಾಕ್ಟರಮ್ಮ ನಕ್ಕರು. “ಮಾತ್ರೆ ಇದೆ, ಅಷ್ಟೇನೂ ಉಪಯೋಗ ಇಲ್ಲ. ಬಲೂನ್ ಬಿಟ್ಟು ಹಿಗ್ಗಿಸಬಹುದು. ಅದನ್ನ ಮತ್ತೆ ಮತ್ತೆ ಮಾಡಿಸ್ಬೇಕಾಗಬಹುದು, ಹಿಗ್ಗಿಸುವಾಗ ಹರಿಯೋದೂ ಇದೆ. ಇನ್ನೊಂದು, ಆ ಬಳೇನ ಕತ್ತರಿಸೋದು. ಹೊಟ್ಟೆ ಮೇಲೆ ನಾಲ್ಕೈದು ಸಣ್ಣ ತೂತು ಮಾಡಿ, ಕ್ಯಾಮೆರಾ ಬಿಟ್ಟು, ಹೊರಗಿನ ಸ್ನಾಯು ಮಾತ್ರ ಉದ್ದಕ್ಕೆ ಸೀಳ್ತೀವಿ. ಅದರ ಒಳಗೆ ಒಂದು ತೆಳು ಪೊರೆ ಇರುತ್ತೆ, ಅದನ್ನ ಮುಟ್ಟಲ್ಲ. ಹೆಚ್ಚಿನವರಿಗೆ ಇದರಿಂದ ಊಟ ಇಳಿಯುತ್ತೆ.”

“ಒಳ್ಳೇದಾಯ್ತು. ಈಗ ಕೆಟ್ಟದ್ದು ಹೇಳಿ. ಸಕ್ಕರೆ ಬೆರೆಸ್ಬೇಡಿ.”

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. “ಪೊರೆ ತೂತಾಗಬಹುದು. ಆಗಲೇ ಕಂಡರೆ ಅಲ್ಲೇ ಹೊಲೀತೀವಿ. ಕಾಣದೆ ಹೋದ್ರೆ, ನುಂಗಿದ್ದು ಸೋರಿ ಒಳಗೆಲ್ಲ ಕೀವಾಗುತ್ತೆ. ಆಗ ಜೀವಕ್ಕೇ ಅಪಾಯ. ಎರಡನೇದು, ಆ ಬಾಗಿಲು ಆಮೇಲೆ ಸರಿಯಾಗಿ ಮುಚ್ಚಲ್ಲ. ಹೊಟ್ಟೆಯ ಹುಳಿ ಮೇಲೆ ಬಂದು ಎದೆ ಉರಿಯುತ್ತೆ. ಅದಕ್ಕೆ ಅಂತ ಹೊಟ್ಟೆಯ ಮೇಲ್ತುದಿಯನ್ನೇ ಮಡಿಸಿ ಹೊದಿಸಿ ಹೊಲೀತೀವಿ. ಆದ್ರೂ ಕೆಲವರು ಮಾತ್ರೆ ತಗೋತಾನೇ ಇರ್ಬೇಕಾಗುತ್ತೆ. ವರ್ಷಗಳಾದ ಮೇಲೆ ಗಾಯ ಕೂಡ್ಕೊಂಡು ಮತ್ತೆ ಬಿಗಿಯೋದೂ ಇದೆ. ಮತ್ತೆ, ಸತ್ತ ನರ ಬದುಕಲ್ಲ. ತುತ್ತನ್ನ ಕೆಳಗೆ ತಳ್ಳೋ ಶಕ್ತಿ ವಾಪಸ್ ಬರಲ್ಲ. ನಿಧಾನವಾಗಿ ತಿನ್ಬೇಕು, ಪಕ್ಕದಲ್ಲಿ ನೀರಿರ್ಬೇಕು.”

ಲಿಫ್ಟಕ್ಕ ಎಕ್ಸ್-ರೇಯ ಆ ಕೊಕ್ಕಿನ ಮೇಲೆ ಬೆರಳಿಟ್ಟಳು.

“ಕೂತ್ಕೊಂಡು ತಿನ್ನಬಹುದಾ?”

“ತಿನ್ನಬಹುದು ಅಂತ್ಲೇ ನನ್ನ ನಂಬಿಕೆ.”

“ಹಾಗಿದ್ರೆ ಕತ್ತರಿಸಿ.”

ಮನೆಯಲ್ಲಿ ಇದನ್ನು ಹೇಳಿದಾಗ ತಮ್ಮ ಗೋಡೆಗೆ ಒರಗಿ ನಿಂತುಬಿಟ್ಟ. ಅವನ ಹೆಂಡತಿ ಒಲೆ ಆರಿಸಿ ಬಂದಳು.

“ಬೇಡ ಅಕ್ಕಾ,” ಎಂದ ತಮ್ಮ. “ಗಂಜಿ ಕುಡ್ಕೊಂಡಿರು. ಮಿಕ್ಸಿಗೆ ಹಾಕಿ ಕೊಡ್ತೀವಿ. ನೀನು ದುಡೀಲೇಬೇಕು ಅಂತ ಯಾರು ಹೇಳಿದ್ರು?”

“ನಾನೇ ಹೇಳ್ದೆ.”

“ಅಪ್ಪನ್ನೂ ಹೀಗೇ ಆಪರೇಷನ್ ಅಂತ ಒಳಗೆ ಕರ್ಕೊಂಡು ಹೋದ್ರು. ನೀನು ಆಗ ಔಷಧಿ ತರೋಕೆ ಹೋಗಿದ್ದೆ. ಕೇಳಿದ್ದು ನನ್ನನ್ನ. ಹೂಂ ಅಂದವನು ನಾನು.” ಅವನು ಅಂಗೈಯಿಂದ ಕಣ್ಣು ಒರೆಸಿಕೊಂಡ. “ಹೊಟ್ಟೆಯೊಳಗೆ ಸೋರಿತು ಅಂದ್ರು, ಮೂರು ದಿನಕ್ಕೆ ಮುಗೀತು. ಇನ್ನೊಂದು ಸಲ ನಾನು ಹೂಂ ಅನ್ನಲ್ಲ. ನನ್ನ ಕೈಲಾಗಲ್ಲ.”

ಇಷ್ಟು ವರ್ಷ ಅವನು ಇದನ್ನು ಯಾರಿಗೂ ಹೇಳಿರಲಿಲ್ಲ. ಲಿಫ್ಟಕ್ಕನಿಗೆ ಅವನ ತಲೆ ಸವರಬೇಕು ಎನಿಸಿತು. ಆದರೆ ಸವರಿದರೆ ತಾನೇ ಕರಗಿಬಿಡುತ್ತೇನೆ ಎಂದು ಕೈಕಟ್ಟಿಕೊಂಡಳು.

“ನೀನು ಹೂಂ ಅನ್ನೋದೇ ಬೇಡ. ಈ ಶಾಫ್ಟಿಗೆ ಇಳಿಯೋಳು ನಾನು. ಹೂಂ ಅನ್ನೋದೂ ನಾನೇ. ತಪ್ಪಾದ್ರೂ ಅದು ನನ್ನ ತಪ್ಪು, ನಿನ್ನದಲ್ಲ. ತಿಳೀತಾ?”

“ಅತ್ತಿಗೇ, ಇವರು ಹೆದರೋದು ನಿಮಗೇನಾದ್ರೂ ಆಗುತ್ತೆ ಅಂತ,” ಎಂದಳು ತಮ್ಮನ ಹೆಂಡತಿ.

“ನನಗೆ ಆಗ್ತಾನೇ ಇದೆಯಲ್ಲಮ್ಮಾ. ದಿನಾ ಮೂರು ಹೊತ್ತು.”

ಆಸ್ಪತ್ರೆಯಿಂದ ಕರೆ ಬಂದಾಗ ಅವಳು ಹಳೆಯ ಆರು ಮಹಡಿ ಕಟ್ಟಡದ ಶಾಫ್ಟಿನಲ್ಲಿದ್ದಳು. ಮೂರನೇ ಮಹಡಿಯ ಡೋರ್ ಲಾಕ್ ಪೂರ್ತಿ ಬಿಚ್ಚಿ ಹರಡಿಕೊಂಡಿದ್ದಳು. ಪರೀಕ್ಷೆಗೆಂದು, ಬಾಗಿಲು ತೆರೆದಿದ್ದರೂ ಲಿಫ್ಟು ಓಡುವ ಹಾಗೆ ವೈರು ಸುತ್ತಿದ್ದಳು. “ಒಬ್ಬರು ಬರಲ್ಲ ಅಂದಿದ್ದಾರೆ, ಹಾಸಿಗೆ ಖಾಲಿ ಇದೆ. ಈಗಲೇ ಬಂದು ಸೇರಿದ್ರೆ ನಾಳೆ ಬೆಳಿಗ್ಗೆ ಆಪರೇಷನ್,” ಎಂದಳು ನರ್ಸು. “ಎರಡು ದಿನದಿಂದ ಗಟ್ಟಿ ಏನೂ ತಿಂದಿಲ್ಲ ತಾನೇ? ಬರೀ ನೀರು, ಸಾರು ಅಷ್ಟೇ ತಾನೇ?”

ಲಿಫ್ಟಕ್ಕ ಆಗಷ್ಟೇ ಬ್ರೆಡ್ಡು ತಿಂದು, ಮೂರು ಸಲ ಕುಪ್ಪಳಿಸಿ, ಇಳಿಯಿತು ಎಂದುಕೊಂಡಿದ್ದಳು. ತಿಂದೆ ಎಂದರೆ ಹಾಸಿಗೆ ಬೇರೆಯವರ ಪಾಲಾಗುತ್ತದೆ. ಮತ್ತೆ ಎಷ್ಟು ದಿನ ಕಾಯಬೇಕೋ, ಅಷ್ಟರಲ್ಲಿ ತಮ್ಮ ಎಷ್ಟು ಸಲ ಅಳುತ್ತಾನೋ! “ಹೌದು, ಅಷ್ಟೇ,” ಎಂದುಬಿಟ್ಟಳು. ಫ್ಯೂಸು ಕಿಸೆಯಲ್ಲಿತ್ತು. ಬಾಗಿಲಿಗೆ ಸರಪಳಿ ಹಾಕಿ, ಯಾರೂ ಮುಟ್ಟಬಾರದು ಎಂಬ ಬೋರ್ಡು ತೂಗುಹಾಕಿ ಹೊರಟಳು.

ಮರುದಿನ ಬೆಳಿಗ್ಗೆ ಹಸಿರು ಬಟ್ಟೆ ತೊಡಿಸಿ ಗಾಲಿಯ ಹಾಸಿಗೆಯ ಮೇಲೆ ಮಲಗಿಸಿದ್ದರು. ತಮ್ಮ ಪಕ್ಕದಲ್ಲೇ ನಿಂತಿದ್ದ. ಪ್ರಜ್ಞೆ ತಪ್ಪಿಸುವ ಡಾಕ್ಟರು ಬಂದು, ಕನ್ನಡಕ ಏರಿಸಿಕೊಂಡು ಅದೇ ಪ್ರಶ್ನೆ ಕೇಳಿದರು: “ಗಟ್ಟಿ ಏನಾದ್ರೂ ತಿಂದಿದ್ರಾ?”

ತಮ್ಮ ಅವಳ ಮುಖವನ್ನೇ ನೋಡುತ್ತಿದ್ದ. ತಿಂದೆ ಎಂದರೆ ಇವತ್ತು ಆಗುವುದಿಲ್ಲ, ಅವನಿಗೆ ಮನೆಗೆ ಎಳೆದುಕೊಂಡು ಹೋಗುವುದಕ್ಕೆ ಒಂದು ನೆಪ ಸಿಗುತ್ತದೆ. ಇಲ್ಲ ಎಂದರೆ ಗಾಲಿ ಉರುಳುತ್ತದೆ. ನಾಲಿಗೆಯ ತುದಿಗೆ ಇಲ್ಲ ಬಂದಿತ್ತು. ಆಗ ಅಪ್ಪನ ಎಡಗಾಲು ನೆನಪಾಯಿತು. ಕೆಲಸ ಮುಗಿದಿರಬೇಕು ಎಂದುಕೊಂಡವನ ಕಥೆ ಅದು. ಬ್ರೆಡ್ಡು ಇಳಿದಿರಬೇಕು ಎಂದು ತಾನೂ ಅಂದುಕೊಂಡಿದ್ದಳು.

“ನಿನ್ನೆ ಮಧ್ಯಾಹ್ನ ಬ್ರೆಡ್ ತಿಂದೆ. ಫೋನಲ್ಲಿ ಸುಳ್ಳು ಹೇಳ್ದೆ.”

ಡಾಕ್ಟರಮ್ಮ ಬಂದು ಚೆನ್ನಾಗಿ ಬೈದರು. “ನಿಮ್ಮ ಅನ್ನನಾಳ ಚೀಲ ಆಗಿದೆ ಅಂತ ಚಿತ್ರ ತೋರಿಸಿಲ್ವಾ? ಆ ಬ್ರೆಡ್ ಇನ್ನೂ ಅಲ್ಲೇ ಇರುತ್ತೆ. ಪ್ರಜ್ಞೆ ತಪ್ಪಿದಾಗ ಅದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದ್ರೆ, ನಾನು ಚಾಕು ಹಿಡಿಯೋ ಮೊದಲೇ ಕಥೆ ಮುಗೀತು. ಎರಡು ದಿನ ಬರೀ ನೀರು, ತಿಳಿ ಸಾರು. ಆಮೇಲೆ ನೋಡೋಣ.”

ತಮ್ಮ ಆಗಲೇ ಚೀಲಕ್ಕೆ ಬಟ್ಟೆ ತುಂಬುತ್ತಿದ್ದ. “ನೋಡಿದ್ಯಾ? ಆಗಬಾರದು ಅಂತಿದೆ. ನಡಿ ಮನೆಗೆ.”

“ಯಾವುದೂ ಹಾಗಂತಿಲ್ಲ. ಬ್ರೆಡ್ ತಿಂದಿದ್ದು ನಾನು, ಅಷ್ಟೇ. ಚೀಲ ಕೆಳಗಿಡು.” ಅವಳು ಮಂಚದ ಕಂಬಿ ಹಿಡಿದು ಕೂತಳು. “ಎಳ್ಕೊಂಡು ಹೋಗೋದಾದ್ರೆ ಮಂಚದ ಸಮೇತ ಎಳ್ಕೊಂಡು ಹೋಗು. ಲಿಫ್ಟಲ್ಲಿ ಹಿಡಿಸಲ್ಲ, ಈಗಲೇ ಹೇಳಿರ್ತೀನಿ.”

ಪಕ್ಕದ ಮಂಚದ ಅಜ್ಜಿ ತನ್ನ ಹೊಟ್ಟೆಯ ಹೊಲಿಗೆ ಒತ್ತಿ ಹಿಡಿದುಕೊಂಡು ನಕ್ಕಳು. ತಮ್ಮ ಚೀಲ ಕೆಳಗಿಟ್ಟ.

ಎರಡು ದಿನ ನೀರು, ತಿಳಿ ಸಾರು. ಮೂರನೆಯ ಬೆಳಿಗ್ಗೆ ಮತ್ತೆ ಗಾಲಿಯ ಹಾಸಿಗೆ. ಹೂಂ ಎಂದದ್ದೂ ಅವಳೇ, ಸಹಿ ಹಾಕಿದ್ದೂ ಅವಳೇ. ಬಾಗಿಲ ಬಳಿ ನರ್ಸು ಅವಳ ಮುಚ್ಚಿದ ಮುಷ್ಟಿ ನೋಡಿ, “ಅದೇನು ಕೈಯಲ್ಲಿ? ಒಳಗೆ ಏನೂ ತರೋ ಹಾಗಿಲ್ಲ,” ಎಂದಳು.

ಫ್ಯೂಸು. ಕತ್ತರಿಸಿ ಎನ್ನುವುದಕ್ಕೆ ಅವಳು ತಡಮಾಡಿರಲಿಲ್ಲ. ಇಲ್ಲಿ ತಡಮಾಡಿದಳು. ಅದನ್ನು ಅವಳು ಇನ್ನೊಬ್ಬರ ಕೈಗೆ ಯಾವತ್ತೂ ಕೊಟ್ಟಿರಲಿಲ್ಲ.

“ತಗೋ,” ಎಂದಳು ತಮ್ಮನಿಗೆ. “ಯಾರಿಗೂ ಕೊಡಬೇಡ, ಕೆಳಗೂ ಇಡಬೇಡ. ಮೂರನೇ ಮಹಡಿ ಬಾಗಿಲು ಬಿಚ್ಚಿದೆ, ಲಿಫ್ಟ್ ಓಡಿದ್ರೆ ಯಾರಾದ್ರೂ ಸಾಯ್ತಾರೆ. ಇದನ್ನ ಹಿಡ್ಕೊಂಡವನು ನಾನು ಹೊರಗೆ ಬರೋವರೆಗೆ ಜಾಗ ಬಿಟ್ಟು ಕದಲೋ ಹಾಗಿಲ್ಲ.”

ಮುಂದಿನದನ್ನು ಅವಳಿಗೆ ಹೇಳಿದ್ದು ತಮ್ಮನ ಹೆಂಡತಿ, ಎಲ್ಲರ ದನಿಯನ್ನೂ ಅನುಕರಿಸುತ್ತ.

ಆಪರೇಷನ್ ನಡೆಯುತ್ತಿರುವಾಗಲೇ ಯಜಮಾನರು ಏದುಸಿರು ಬಿಡುತ್ತ ಬಂದರಂತೆ. ಕಟ್ಟಡದವರು ಮೆಟ್ಟಿಲು ಹತ್ತಿ ಹತ್ತಿ ಶಾಪ ಹಾಕುತ್ತಿದ್ದರು. ವೆಲ್ಡರನಿಗೆ ಹೇಳಿದರೆ, ಫ್ಯೂಸು ಅಕ್ಕನ ಕಿಸೆಯಲ್ಲಿದೆ, ನಾನು ಮುಟ್ಟೋದಿಲ್ಲ ಎಂದನಂತೆ. ಬೇರೆಯವರೂ ಅದನ್ನೇ ಹೇಳಿದರಂತೆ. ತಮ್ಮನ ಕೈಯಲ್ಲಿ ಫ್ಯೂಸು ಕಂಡು ಯಜಮಾನರು ಕೈ ಚಾಚಿದರಂತೆ.

“ಫ್ಯೂಸ್ ಕೊಡಪ್ಪಾ. ಪಾಪ, ಅವಳು ಇನ್ನು ಎಲ್ಲಿ ಶಾಫ್ಟಿಗೆ ಇಳೀತಾಳೆ? ಬೇರೆಯವರಿಂದ ಮುಗಿಸ್ತೀನಿ.”

ತಮ್ಮ, ಅಂಗಡಿಯಲ್ಲಿ ಗಿರಾಕಿ ಬೈದರೂ ಸರಿ ಸರ್ ಎನ್ನುವವನು, ಎದ್ದು ನಿಂತನಂತೆ. “ಕೊಡಲ್ಲ ಸರ್.”

“ಲಿಫ್ಟ್ ಕೆಲಸ ನಿನಗೇನಪ್ಪಾ ಗೊತ್ತು?”

“ಏನೂ ಗೊತ್ತಿಲ್ಲ ಸರ್. ಇದನ್ನ ಕೊಡಬಾರದು ಅಂತ ಮಾತ್ರ ಗೊತ್ತು. ಅಕ್ಕ ಒಳಗಿದ್ದಾಳೆ. ಅವಳು ಹೊರಗೆ ಬರ್ತಾಳೆ. ನೀವು ಬೇಕಾದ್ರೆ ಕೂತ್ಕೊಳ್ಳಿ, ಇಲ್ಲಾಂದ್ರೆ ಹೋಗಿ.”

ಯಜಮಾನರು ಕೂತರಂತೆ.

ಡಾಕ್ಟರಮ್ಮ ಹೊರಗೆ ಬಂದು ಹೇಳಿದ್ದು ಅಷ್ಟೇನೂ ಹಗುರದ ಸುದ್ದಿಯಲ್ಲ. ಸ್ನಾಯು ಸೀಳುವಾಗ ಒಂದು ಕಡೆ ಪೊರೆ ಸಾಸಿವೆ ಕಾಳಿನಷ್ಟು ತೂತಾಗಿತ್ತು. ಅಲ್ಲೇ ಕಂಡಿತ್ತು, ಅಲ್ಲೇ ಹೊಲಿದಿದ್ದರು. ಆದರೆ ಸೋರುತ್ತಿಲ್ಲವೆಂದು ಖಚಿತವಾಗುವವರೆಗೆ ಒಂದು ಹನಿ ನೀರೂ ಇಲ್ಲ. ಸೋರುವುದು ಎಂಬ ಮಾತಿಗೆ ತಮ್ಮನ ಮುಖ ಬಿಳಿಚಿಕೊಂಡಿತು. ಆದರೂ ಅವನು ಕದಲಲಿಲ್ಲ.

ಎಚ್ಚರವಾದಾಗ ಲಿಫ್ಟಕ್ಕನಿಗೂ ಅದನ್ನೇ ಹೇಳಿದರು. “ಮುಚ್ಚಿಡದೆ ಹೇಳಿದ್ರಲ್ಲ, ಅಷ್ಟು ಸಾಕು,” ಎಂದಳು. ತುಟಿ ಒಣಗಿ ಸಿಪ್ಪೆ ಎದ್ದಿತ್ತು. ಆಪರೇಷನ್ನಿಗೆಂದು ಹೊಟ್ಟೆಗೆ ತುಂಬಿದ್ದ ಗಾಳಿಯಿಂದ ಭುಜದಲ್ಲಿ ವಿಚಿತ್ರ ನೋವು. ಕೆಲವು ದಿನ ಕಳೆದ ಮೇಲೆ ಎಕ್ಸ್-ರೇಯಲ್ಲಿ ಕಾಣುವಂಥ ದ್ರವ ಕುಡಿಸಿ, ಯಂತ್ರದ ಮುಂದೆ ನಿಲ್ಲಿಸಿದರು. ದ್ರವ ಎಲ್ಲೂ ಸೋರದೆ, ಎಲ್ಲೂ ನಿಲ್ಲದೆ ಹೊಟ್ಟೆಗೆ ಇಳಿಯಿತು. ಅಭ್ಯಾಸಬಲದಿಂದ ಅವಳ ಕೈ ಮೇಲಕ್ಕೆದ್ದಿತ್ತು.

“ಕೈ ಇಳಿಸಿ,” ಎಂದರು ಡಾಕ್ಟರಮ್ಮ. “ಆಗಲೇ ಹೋಯ್ತು.”

ತಮ್ಮ ಫ್ಯೂಸು ವಾಪಸ್ ಕೊಟ್ಟಾಗ ಅದು ಬೆವರಿಗೆ ಅಂಟಂಟಾಗಿತ್ತು. “ಸ್ನಾನಕ್ಕೂ ಇದನ್ನ ಹಿಡ್ಕೊಂಡೇ ಹೋದ್ರು ಅತ್ತಿಗೇ,” ಎಂದಳು ಅವನ ಹೆಂಡತಿ. ಲಿಫ್ಟಕ್ಕ ಈ ಸಲ ಅವನ ತಲೆ ಸವರಿದಳು.

ಭಾರ ಎತ್ತಬಾರದು ಎಂದ ವಾರಗಳು ಮುಗಿಯುವವರೆಗೆ ಅವಳು ಎತ್ತಲಿಲ್ಲ. ಆದರೆ ಮನೆಗೆ ಬಂದ ಮೇಲೆ ಒಂದು ಬೆಳಿಗ್ಗೆ ಹಳೆ ಕಟ್ಟಡಕ್ಕೆ ಹೋಗಿ ಶಾಫ್ಟಿನ ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಳು. ಫ್ಯೂಸು ಕಿಸೆಯಲ್ಲಿತ್ತು. ವೆಲ್ಡರನ ಕೈಯಿಂದ ಲಾಕ್ ಜೋಡಿಸಿ, ಸುತ್ತಿದ ವೈರು ಬಿಚ್ಚಿಸಿ, ಒಂದೊಂದನ್ನೂ ನೋಡಿ, ಕೊನೆಗೆ ತಾನೇ ಎದ್ದು ಫ್ಯೂಸು ಹಾಕಿದಳು. ಯಜಮಾನರು ಫೋನಿನ ಕುರ್ಚಿಯ ಮಾತೆತ್ತುವುದಕ್ಕೆ ಬಾಯಿ ತೆರೆದಿದ್ದರು. ಅವಳ ಮುಖ ನೋಡಿ, “ಆರೋಗ್ಯನಾ?” ಎಂದಷ್ಟೇ ಕೇಳಿದರು.

ಎದೆಯುರಿ ಬಂದೇ ಬಂತು. ಮಂಚದ ತಲೆಯ ಕಡೆಯ ಕಾಲುಗಳ ಕೆಳಗೆ ಇಟ್ಟಿಗೆ ಇಟ್ಟುಕೊಂಡು ಮಲಗುತ್ತಾಳೆ, ಬೆಳಿಗ್ಗೆ ಖಾಲಿ ಹೊಟ್ಟೆಗೆ ಮಾತ್ರೆ ನುಂಗುತ್ತಾಳೆ. “ನಾನು ಆಗಲೇ ಹೇಳಿರ್ಲಿಲ್ವಾ?” ಎಂದು ತಮ್ಮ ಶುರುಮಾಡಿದರೆ, “ಉರೀಲಿ ಬಿಡು. ಉರಿಯೋಕೆ ಒಳಗೆ ಏನೋ ಇಳಿದಿದೆ ಅಂತಾಯ್ತಲ್ಲ,” ಎನ್ನುತ್ತಾಳೆ.

ಶಾಫ್ಟಿಗೆ ಮತ್ತೆ ಇಳಿದ ಮೊದಲ ದಿನ, ಊಟದ ಗಂಟೆ ಹೊಡೆದಾಗ ಅವಳು ಡಬ್ಬಿ ಹಿಡಿದು ಕಿಟಕಿಯ ಕಡೆ ಹೋಗಲಿಲ್ಲ. ಹಲಗೆಯ ಬಳಿ ಬಂದಳು. ಅಲ್ಲಿ ಅವಳಿಗೆ ಜಾಗವೇ ಇರಲಿಲ್ಲ. ಇಷ್ಟು ವರ್ಷ ಬೇಕಾಗಿಯೇ ಇರಲಿಲ್ಲವಲ್ಲ. “ಸರ್ಕೋ ಆಚೆಗೆ,” ಎಂದು ವೆಲ್ಡರನ ಭುಜಕ್ಕೆ ತಿವಿದು, ಒಂದು ಖಾಲಿ ಗ್ರೀಸಿನ ಡಬ್ಬ ಬೋರಲು ಹಾಕಿ ಅದರ ಮೇಲೆ ಕೂತಳು. ಒಂದು ತುತ್ತು, ನೀರು. ಇನ್ನೊಂದು ತುತ್ತು, ನೀರು. ಎಲ್ಲರೂ ತಿಂದು ಮುಗಿಸಿದರೂ ಅವಳ ಡಬ್ಬಿ ಅರ್ಧವೂ ಆಗಿರಲಿಲ್ಲ. ಕೆಲಸದ ಗಂಟೆ ಹೊಡೆಯಿತು. ಗಂಡಸರು ಎದ್ದರು.

ಬಾಗಿಲಲ್ಲಿ ಯಜಮಾನರು ಗಡಿಯಾರ ನೋಡಿಕೊಂಡರು. “ಗಂಟೆ ಹೊಡೆದದ್ದು ಕೇಳಿಸ್ಲಿಲ್ವೇನಮ್ಮಾ?”

“ಕೇಳಿಸ್ತು ಸಾಹೇಬ್ರೇ.” ಅವಳು ಇನ್ನೊಂದು ತುತ್ತು ಕಲೆಸಿದಳು. “ನಾನು ಊಟ ಮಾಡ್ತಿದ್ದೀನಿ.”

ವೆಲ್ಡರ್ ಅವಳ ಲೋಟಕ್ಕೆ ನೀರು ಬಗ್ಗಿಸಿ, ಎದ್ದವನು ಮತ್ತೆ ಕೂತ.